ಅಳಿವೆಯಲ್ಲಿ ಓಡುವ ಕಯಾಕ್: ಬ್ಯಾಟರಿ, ವಯರು, ಫಿಶ್ ಫೈಂಡರ್, ನಟ್ಟುಬೋಲ್ಟುಗಳ ಆರೈಕೆ ಮತ್ತು ರಿಪೇರಿ

ಕಾಸರಗೋಡು ಸೀಮೆಯ ಶಿರಿಯಾ, ಮೊಗ್ರಾಲ್, ಕುಂಬಳೆ ಹೊಳೆಗಳ ಅಳಿವೆಯಲ್ಲೋ, ಚಂದ್ರಗಿರಿ ಕಡಲು ಸೇರುವಲ್ಲೋ, ತೆಂಕಣ ವಲಿಯಪರಂಬದ ಹಿನ್ನೀರಿನಲ್ಲೋ ಕಯಾಕ್ ಇಳಿಸಿ ಗಾಳ ಹಾಕುವವರ ಫಿಶ್ ಫೈಂಡರ್ (ನೀರಿನಡಿಗೆ ಶಬ್ದ ಕಳಿಸಿ ಆಳವನ್ನೂ ಮೀನನ್ನೂ ಪರದೆಯಲ್ಲಿ ತೋರಿಸುವ ಸಾಧನ) ನೀರಿನ ಮೇಲೆ ಇರುವಾಗ ಕೆಡುವುದು ಕಡಿಮೆ. ಅದು ಕೆಡುವುದು ಮನೆಯಲ್ಲಿ, ಚಾವಡಿಯ ಮೂಲೆಯಲ್ಲಿ, ಒಂದು ಭಾನುವಾರದಿಂದ ಇನ್ನೊಂದು ಭಾನುವಾರದ ನಡುವೆ. ಕಾರಣ ಉಪ್ಪಿನ ಗುಣದಲ್ಲೇ ಉಂಟು. ಗಾಳಿಯ ತೇವಾಂಶ ಶೇಕಡಾ 75 ದಾಟಿತೆಂದರೆ ಅಡುಗೆ ಉಪ್ಪು ತಾನಾಗಿ ನೀರೆಳೆದು ಕರಗುತ್ತದೆ. ಕಡಲ ಉಪ್ಪಿನಲ್ಲಿ ಬೆರೆತಿರುವ ಮೆಗ್ನೀಸಿಯಂ ಕ್ಲೋರೈಡಿಗೆ ಶೇಕಡಾ 33 ಇದ್ದರೂ ಸಾಕು. ನಮ್ಮ ಕರಾವಳಿಯ ಗಾಳಿ ಅಷ್ಟು ಒಣಗುವುದೇ ಅಪರೂಪ. ಹಾಗಾಗಿ ಕಣ್ಣಿಗೆ ಒಣಗಿದಂತೆ ಕಾಣುವ ಕನೆಕ್ಟರಿನ ಪಿನ್ನಿನ ಮೇಲೆ ಉಪ್ಪುನೀರಿನ ತೆಳುಪೊರೆಯೊಂದು ಹಗಲೂ ರಾತ್ರಿಯೂ ಕೂತು ತಾಮ್ರವನ್ನು ತಿನ್ನುತ್ತಲೇ ಇರುತ್ತದೆ. ಕೆಳಗೆ ಹೇಳುವ ಕೆಲಸಗಳಲ್ಲಿ ಹೆಚ್ಚಿನವು ಈ ಪೊರೆಯನ್ನು ತೊಳೆದು ತೆಗೆಯುವುದಕ್ಕೆ, ತೊಳೆಯಲಾಗದ ಜಾಗಕ್ಕೆ ಅದು ಹೋಗದಂತೆ ನೋಡಿಕೊಳ್ಳುವುದಕ್ಕೆ.

ದಡಕ್ಕೆ ಬಂದ ಮೇಲಿನ ಅರ್ಧ ಗಂಟೆ

ಮೊದಲು ಬ್ಯಾಟರಿ ಬಿಡಿಸಿ, ಫಿಶ್ ಫೈಂಡರನ್ನು ನೆರಳಿಗೆ ತನ್ನಿ. ಬಿಸಿಲಿಗೆ ಕಾದ ಸೆಟ್ಟಿನ ಮೇಲೆ ಕೂಡಲೇ ತಣ್ಣೀರು ಸುರಿಯಬೇಡಿ. ಒಳಗಿನ ಬಿಸಿ ಗಾಳಿ ಒಮ್ಮೆಲೇ ಕುಗ್ಗಿ, ಹೊರಗಿನ ನೀರನ್ನು ಸೀಲಿನ ಸಂದಿಯಿಂದ ಒಳಗೆ ಎಳೆದುಕೊಳ್ಳುತ್ತದೆ. ಪರದೆಯ ಒಳಬದಿಯಲ್ಲಿ ಮಂಜು ಹಿಡಿಯುವುದಕ್ಕೆ ಇದು ದೊಡ್ಡ ಕಾರಣ. ಐಪಿಎಕ್ಸ್7 ಎಂಬ ಗುರುತನ್ನು ನಂಬಿ ಪೈಪು ಹಿಡಿಯುವವರೂ ಇದ್ದಾರೆ. ಆ ಗುರುತಿನ ಅರ್ಥ ಇಷ್ಟೇ: 1 ಮೀಟರ್ ಆಳದ ನಿಂತ ನೀರಿನಲ್ಲಿ 30 ನಿಮಿಷ ತಡೆಯುತ್ತದೆ. ರಭಸದ ಧಾರೆಗೆ ಅದು ಲಾಗೂ ಆಗುವುದಿಲ್ಲ.

ಹದಿನೈದು ನಿಮಿಷ ತಣಿಯಲಿ. ಆಮೇಲೆ ಚೊಂಬಿನಿಂದ ಮೆಲ್ಲಗೆ ನೀರು ಹೊಯ್ದು ಪರದೆಯ ಮೇಲಿನ ಉಪ್ಪಿನ ಹರಳು ಕರಗಿಸಿ, ಬಳಿಕವೇ ಬಟ್ಟೆ ಹಾಕಿ. ಒಣ ಬಟ್ಟೆಯಲ್ಲಿ ನೇರ ಒರೆಸಿದರೆ ಹರಳು ಮರಳುಕಾಗದದ ಹಾಗೆ ಗೀರುತ್ತದೆ. ಅಮೋನಿಯಾ ಇರುವ ಗಾಜಿನ ದ್ರಾವಣ ಪರದೆಯ ಲೇಪವನ್ನು ಕೆಡಿಸುತ್ತದೆ, ಅದು ಬೇಡ. ಕನೆಕ್ಟರಿನ ಎರಡೂ ಭಾಗ ಬಿಡಿಸಿ, ಒಂದು ಲೋಟ ಸಿಹಿನೀರಿನಲ್ಲಿ ಮುಳುಗಿಸಿ ಅಲ್ಲಾಡಿಸಿ, ಕೊಡವಿ, ಬಾಯಿ ಕೆಳಗೆ ಮಾಡಿ ಒಣಗಲು ಬಿಡಿ. ಸೇರಿಸಿಟ್ಟ ಕನೆಕ್ಟರಿನ ಮೇಲೆ ನೀರು ಹೊಯ್ದರೆ ಒಳಗಿನ ಉಪ್ಪು ಅಲ್ಲೇ ಉಳಿಯುತ್ತದೆ.

ತೊಳೆಯುವ ನೀರನ್ನೂ ಒಮ್ಮೆ ನಾಲಗೆಗೆ ಮುಟ್ಟಿಸಿ ನೋಡಿ. ಕಡಲ ಬದಿಯ ಬಾವಿಗಳಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ನೀರು ಸವಳಾಗುವುದುಂಟು. ಆ ನೀರಿನಲ್ಲಿ ಎಷ್ಟು ತೊಳೆದರೂ ಫಲ ಇಲ್ಲ. ಒಳನಾಡಿನ ಬಾವಿಯಿಂದ ಎರಡು ಕ್ಯಾನ್ ತಂದಿಟ್ಟುಕೊಂಡರೆ ಸಾಕು, ಎಲೆಕ್ಟ್ರಾನಿಕ್ಸಿಗೆ ಬೇಕಾಗುವುದು ಐದಾರು ಲೀಟರ್ ಅಷ್ಟೇ. ಕಯಾಕ್‌ನ ಹೊಟ್ಟೆಯೊಳಗೂ ಒಂದು ಬಕೆಟ್ ನೀರು ಹಾಕಿ ಕುಲುಕಿ, ಹಿಂಬದಿಯ ಬಿರಡೆ ತೆಗೆದು ಹರಿಸಿ. ಮುಚ್ಚಳಗಳನ್ನು ತೆರೆದೇ ಇಡಿ. ಮುಚ್ಚಿಟ್ಟ ಹೊಟ್ಟೆಯಲ್ಲಿ ಹಬೆ ಕಟ್ಟುತ್ತದೆ. ಹುಟ್ಟು ಎರಡು ತುಂಡಿನದಾದರೆ ನಡುವಿನ ಜಾಯಿಂಟನ್ನು ಪ್ರತಿ ಸಲವೂ ಬಿಡಿಸಿ ತೊಳೆಯಬೇಕು, ಇಲ್ಲವಾದರೆ ಅಲ್ಯುಮಿನಿಯಂ ಬಿಳಿ ಪುಡಿ ಬಿಟ್ಟು ಕಚ್ಚಿಕೊಂಡು ಇಬ್ಬರು ಎಳೆದರೂ ಬರುವುದಿಲ್ಲ.

ಬ್ಯಾಟರಿ

ಸಾಮಾನ್ಯವಾಗಿ ಹಾಕುವುದು ಎರಡು ಬಗೆ: ಯುಪಿಎಸ್‌ಗಳಲ್ಲಿ ಇರುವಂಥ 12 ವೋಲ್ಟಿನ, 7 ಆಂಪಿಯರ್-ಅವರ್‌ನ ಲೆಡ್ ಆಸಿಡ್, ಇಲ್ಲವೇ ಲಿಥಿಯಂ ಐರನ್ ಫಾಸ್ಫೇಟ್. ಲೆಡ್ ಆಸಿಡ್ ಅಗ್ಗ, ಯಾವ ಪೇಟೆಯಲ್ಲೂ ಸಿಗುತ್ತದೆ, ತೂಕ ಎರಡು ಕಿಲೋ ಮೇಲೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಎಳೆದರೆ ಆಯುಸ್ಸು ಬೇಗ ತೀರುತ್ತದೆ. 5 ಇಂಚಿನ ಪರದೆಯ ಫಿಶ್ ಫೈಂಡರ್ ಅರ್ಧದಿಂದ 1 ಆಂಪಿಯರ್ ಎಳೆಯುತ್ತದೆ. ಅರ್ಧ ಆಂಪಿಯರ್ ಎಂದು ಹಿಡಿದರೆ ಬಳಸಬಹುದಾದ 3.5 ಆಂಪಿಯರ್-ಅವರ್ 7 ಗಂಟೆಗೆ ಬಂತು. ಅಷ್ಟೇ ಅಳತೆಯ ಲಿಥಿಯಂನಲ್ಲಿ 6 ಆಂಪಿಯರ್-ಅವರ್ ಧಾರಾಳ ತೆಗೆಯಬಹುದು, ಅಂದರೆ 12 ಗಂಟೆ, ಅದೂ ಅರ್ಧದ ಆಸುಪಾಸಿನ ತೂಕದಲ್ಲಿ. ಕೈಯಲ್ಲಿ ದುಡ್ಡಿದ್ದರೆ ಮೊದಲು ಬದಲಿಸಬೇಕಾದದ್ದು ಪರದೆ ಅಲ್ಲ, ಬ್ಯಾಟರಿ.

ಮಲ್ಟಿಮೀಟರ್ ಒಂದು ಇರಲೇಬೇಕು. ಒಂದೆರಡು ಗಂಟೆ ಸುಮ್ಮನೆ ಇಟ್ಟ ಲೆಡ್ ಆಸಿಡ್ 12.7 ವೋಲ್ಟ್ ತೋರಿಸಿದರೆ ಪೂರ್ತಿ, 12.2 ಅಂದರೆ ಹೆಚ್ಚುಕಡಿಮೆ ಅರ್ಧ, 11.9ಕ್ಕಿಂತ ಕೆಳಗೆ ಅಂದರೆ ಖಾಲಿ. ಲಿಥಿಯಂನಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಪೂರ್ತಿ ತುಂಬಿದ್ದು 13.3, 13.4ರಲ್ಲಿ ನಿಂತು, ಖಾಲಿಯಾಗುವವರೆಗೂ ಹೆಚ್ಚು ಇಳಿಯದೆ, ಕೊನೆಗೆ ಧಡಕ್ಕನೆ ಬೀಳುತ್ತದೆ. ಆದ್ದರಿಂದ ಲಿಥಿಯಂ ಇದ್ದವರು ವೋಲ್ಟ್ ನೋಡುವುದಕ್ಕಿಂತ ಗಂಟೆ ಎಣಿಸುವುದು ಒಳ್ಳೆಯದು. ಲಿಥಿಯಂ ಬ್ಯಾಟರಿ ಇದ್ದಕ್ಕಿದ್ದ ಹಾಗೆ ಸೊನ್ನೆ ವೋಲ್ಟ್ ತೋರಿಸಿದರೆ ಸತ್ತಿತೆಂದು ಎಸೆಯಬೇಡಿ. ಒಳಗಿರುವ ರಕ್ಷಣಾ ಸರ್ಕ್ಯೂಟು, ಅಂದರೆ ಬಿಎಂಎಸ್, ಬಾಗಿಲು ಹಾಕಿರುತ್ತದೆ. ಸರಿಯಾದ ಚಾರ್ಜರಿಗೆ ಹಾಕಿದರೆ ಹೆಚ್ಚಾಗಿ ಎಚ್ಚರವಾಗುತ್ತದೆ. ಸರಿಯಾದದ್ದು ಅಂದರೆ 14.6 ವೋಲ್ಟಿಗೆ ನಿಲ್ಲುವ, ಲಿಥಿಯಂ ಐರನ್ ಫಾಸ್ಫೇಟಿಗೆಂದೇ ಬರೆದಿರುವ ಚಾರ್ಜರ್.

ಲೆಡ್ ಆಸಿಡನ್ನು ಕಯಾಕ್‌ನ ಹೊಟ್ಟೆಯಲ್ಲಿಟ್ಟು ಮುಚ್ಚಳ ಹಾಕಿ ಚಾರ್ಜ್ ಮಾಡಬೇಡಿ. ಹೈಡ್ರೋಜನ್ ತುಂಬಿಕೊಂಡು ಒಂದು ಕಿಡಿಗೆ ಸಿಡಿಯುತ್ತದೆ. ಬ್ಯಾಟರಿ ಯಾವುದೇ ಇರಲಿ, ಕೂರುವುದು ನೀರು ನಿಲ್ಲುವ ತಳದ ಮೇಲೆ ಆಗಬಾರದು. ರಬ್ಬರ್ ಗ್ಯಾಸ್ಕೆಟ್ ಇರುವ ಡಬ್ಬಿಯಲ್ಲಿಟ್ಟು, ಮಗುಚಿದರೂ ಉರುಳದ ಹಾಗೆ ಪಟ್ಟಿ ಬಿಗಿಯಿರಿ. ಡಬ್ಬಿಯಿಂದ ವಯರು ಹೊರಬರುವ ಜಾಗಕ್ಕೆ ಕೇಬಲ್ ಗ್ಲಾಂಡ್ (ವಯರಿನ ಸುತ್ತ ಬಿಗಿದು ನೀರು ತಡೆಯುವ ತಿರುಪಿನ ಬಿರಡೆ) ಹಾಕಿ, ವಯರನ್ನು ಗ್ಲಾಂಡಿನಿಂದ ಹೊರಬಂದ ಕೂಡಲೇ ಒಂದು ಸಲ ಕೆಳಗೆ ಬಾಗಿಸಿ ಮೇಲಕ್ಕೆ ಒಯ್ಯಿರಿ. ವಯರಿನ ಮೇಲೆ ಹರಿದ ನೀರು ಆ ಬಾಗಿನಲ್ಲಿ ತೊಟ್ಟಿಕ್ಕಿ ಬೀಳುತ್ತದೆ, ಡಬ್ಬಿಯೊಳಗೆ ಬರುವುದಿಲ್ಲ.

ವಯರು, ಫ್ಯೂಸು, ಜಾಯಿಂಟು

ಎಲೆಕ್ಟ್ರಾನಿಕ್ಸ್ ಕೆಟ್ಟಿದೆ ಎಂದು ರಿಪೇರಿಗೆ ಕೊಡುವ ಮೊದಲು ವಯರು ನೋಡಿ. ಸೆಟ್ಟು ತಾನಾಗಿ ಆಫ್ ಆಗಿ ಆನ್ ಆಗುವುದು, ಅಲೆ ಬಡಿದಾಗ ಪರದೆ ಕಪ್ಪಾಗುವುದು, ಬ್ಯಾಟರಿ ತುಂಬಿದ್ದರೂ ಕಡಿಮೆ ವೋಲ್ಟೇಜ್ ಎಂದು ಬರುವುದು, ಇವೆಲ್ಲ ಬಹುಪಾಲು ಜಾಯಿಂಟಿನ ದೂರುಗಳು.

ಪತ್ತೆ ಮಾಡುವ ಸುಲಭ ದಾರಿ ಹೀಗೆ. ಸೆಟ್ಟು ಆನ್ ಇರುವಾಗಲೇ ಮಲ್ಟಿಮೀಟರನ್ನು ಡಿಸಿ ವೋಲ್ಟಿಗೆ ಇಟ್ಟು, ಒಂದು ಮೊನೆ ಬ್ಯಾಟರಿಯ ಪಾಸಿಟಿವ್ ಟರ್ಮಿನಲ್ಲಿಗೆ, ಇನ್ನೊಂದು ಮೊನೆ ಸೆಟ್ಟಿನ ಬದಿಯ ಪಾಸಿಟಿವ್ ತುದಿಗೆ ಮುಟ್ಟಿಸಿ. ಬರುವ ಅಂಕಿ ಆ ದಾರಿಯಲ್ಲಿ ಕಳೆದುಹೋದ ವೋಲ್ಟ್. 1 ಚದರ ಮಿಲಿಮೀಟರ್ ತಾಮ್ರದ ವಯರು ಮೀಟರಿಗೆ ಸುಮಾರು 0.02 ಓಮ್. 2 ಮೀಟರ್ ವಯರಿನಲ್ಲಿ 1 ಆಂಪಿಯರ್ ಹರಿದರೆ 0.04 ವೋಲ್ಟ್ ಕಳೆಯುತ್ತದೆ. 0.1 ಒಳಗೆ ಇದ್ದರೆ ಚಿಂತೆ ಇಲ್ಲ. 0.3 ಅಥವಾ ಮೇಲೆ ಬಂದರೆ ಆ ದಾರಿಯಲ್ಲಿ ಎಲ್ಲೋ ಕಿಲುಬು ಹಿಡಿದಿದೆ. ಮೊನೆಯನ್ನು ಫ್ಯೂಸಿನ ಈಚೆ, ಆಚೆ, ಕನೆಕ್ಟರಿನ ಈಚೆ, ಆಚೆ ಎಂದು ಸರಿಸುತ್ತಾ ಹೋದರೆ ಅಂಕಿ ಹಾರುವ ಜಾಗ ಸಿಗುತ್ತದೆ. ನೆಗೆಟಿವ್ ದಾರಿಗೂ ಹೀಗೇ ಮಾಡಿ. ಅದನ್ನು ಬಿಟ್ಟುಬಿಡುವವರೇ ಹೆಚ್ಚು. ಸೆಟ್ಟು ಆಫ್ ಮಾಡಿ ಅಳೆದರೆ ಕೊಳೆತ ಜಾಯಿಂಟೂ ಚೆನ್ನಾಗಿದ್ದಂತೆ ಕಾಣುತ್ತದೆ, ಏಕೆಂದರೆ ಕರೆಂಟು ಹರಿಯದೆ ವೋಲ್ಟ್ ಬೀಳುವುದಿಲ್ಲ.

ಜಾಗ ಸಿಕ್ಕಿದ ಮೇಲೆ ವಯರಿನ ಮೇಲ್ಸಿಪ್ಪೆಯನ್ನು ಒಂದು ಬೆರಳಷ್ಟು ಸುಲಿದು ನೋಡಿ. ಚೆನ್ನಾಗಿದ್ದರೆ ಎಳೆಗಳು ಹೊಸ ತಾಮ್ರದ ಬಣ್ಣದಲ್ಲಿ ಹೊಳೆಯುತ್ತವೆ, ಬೆರಳಲ್ಲಿ ತಿರುವಿದರೆ ಮೆತ್ತಗೆ ಸುತ್ತಿಕೊಳ್ಳುತ್ತವೆ. ಕೆಟ್ಟಿದ್ದರೆ ಕಪ್ಪು, ತುದಿಯಲ್ಲಿ ಹಸಿರು ಪುಡಿ, ತಿರುವಿದರೆ ಎರಡು ಮೂರು ಎಳೆ ತುಂಡಾಗಿ ಕೈಗೆ ಬರುತ್ತವೆ. ಎಳೆಗಳ ನಡುವಿನ ಸಂದಿಯಲ್ಲಿ ಉಪ್ಪುನೀರು ಬತ್ತಿಗೆ ಎಣ್ಣೆ ಏರಿದ ಹಾಗೆ ಏರುತ್ತದೆ. ಹಾಗಾಗಿ ಕಪ್ಪು ಒಂದು ಬೆರಳಿಗೆ ನಿಲ್ಲುವುದಿಲ್ಲ. ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸುತ್ತಾ ಹೋಗಿ. ಅರ್ಧ ಮೀಟರ್ ಕತ್ತರಿಸಿದರೂ ಕಪ್ಪೇ ಬಂದರೆ ಇಡೀ ವಯರು ಬದಲಿಸಿ. ಹೊಸದಾಗಿ ಹಾಕುವುದಾದರೆ ತವರ ಲೇಪಿಸಿದ ಎಳೆಗಳ ವಯರು ಕೇಳಿ ತೆಗೆದುಕೊಳ್ಳಿ. ಸುಲಿದಾಗ ಬೆಳ್ಳಿಯ ಹಾಗೆ ಕಾಣುತ್ತದೆ. ಬೆಲೆ ಜಾಸ್ತಿ, ಆದರೆ ಕಯಾಕ್‌ಗೆ ಬೇಕಾಗುವುದು ನಾಲ್ಕೈದು ಮೀಟರ್ ಮಾತ್ರ.

ಜಾಯಿಂಟು ಹಾಕುವ ಕ್ರಮ: ವಯರಿಗೆ ಮೊದಲು ಬಿಸಿಗೆ ಕುಗ್ಗುವ ಹೀಟ್ ಶ್ರಿಂಕ್ ಟ್ಯೂಬ್ ತೂರಿಸಿ. ಒಳಗೆ ಅಂಟಿನ ಪದರ ಇರುವುದೇ ಆಗಬೇಕು, ಬರೀ ಟ್ಯೂಬ್ ನೀರು ತಡೆಯುವುದಿಲ್ಲ. 7, 8 ಮಿಲಿಮೀಟರ್ ಸುಲಿಯಿರಿ, ಒಂದು ಎಳೆಯೂ ಕಡಿಯಬಾರದು. ತವರ ಲೇಪದ ಬಟ್ ಕನೆಕ್ಟರಿಗೆ (ಎರಡು ವಯರಿನ ತುದಿ ಸೇರಿಸುವ ಲೋಹದ ಕೊಳವೆಗೆ) ಹಾಕಿ ಕ್ರಿಂಪಿಂಗ್ ಇಕ್ಕಳದಲ್ಲಿ ಒತ್ತಿ. ಸಾಮಾನ್ಯ ಇಕ್ಕಳದಲ್ಲಿ ಜಜ್ಜಿದರೆ ಮೇಲೆ ಚಪ್ಪಟೆಯಾಗಿ ಒಳಗೆ ಸಡಿಲ ಉಳಿಯುತ್ತದೆ. ಒತ್ತಿದ ಮೇಲೆ ಗಟ್ಟಿಯಾಗಿ ಎಳೆದು ನೋಡಿ. ಕೈಗೆ ಬಂದರೆ ಈಗಲೇ ಬರಲಿ. ಆಮೇಲೆ ಟ್ಯೂಬನ್ನು ಎಳೆದು, ಎರಡೂ ಬದಿ ಮೇಲ್ಸಿಪ್ಪೆಯ ಮೇಲೆ ಕನಿಷ್ಠ 10 ಮಿಲಿಮೀಟರ್ ಹತ್ತುವಂತೆ ಕೂರಿಸಿ, ಹಾಟ್ ಏರ್ ಗನ್ನಿನಲ್ಲಿ ನಡುವಿನಿಂದ ತುದಿಗೆ ಕಾಯಿಸಿ. ಎರಡೂ ತುದಿಯಲ್ಲಿ ಅಂಟು ಒಂದು ಉಂಗುರದ ಹಾಗೆ ಉಕ್ಕಿ ಬಂದರೆ ಸೀಲಾಯಿತು. ಒಂದೇ ಬದಿ ಉಕ್ಕಿದ್ದರೆ ಇನ್ನೊಂದು ಬದಿ ನೀರಿಗೆ ಬಾಗಿಲು.

ಬೆಸುಗೆ ಹಾಕಲೇಬೇಕಾದರೆ ರಾಳದ ಫ್ಲಕ್ಸ್ ಇರುವ ಸೋಲ್ಡರ್ ವಯರನ್ನೇ ಬಳಸಿ. ಪಾತ್ರೆಗೆ ಕಲಾಯಿ ಹಾಕುವ ನವಸಾಗರವನ್ನು ವಯರಿನ ಹತ್ತಿರ ತರಬೇಡಿ. ಅದರಲ್ಲೂ ಇರುವುದು ಕ್ಲೋರೈಡೇ, ಉಳಿದುಕೊಂಡು ತಾಮ್ರ ತಿನ್ನುತ್ತದೆ. ಸೋಲ್ಡರ್ ಏರಿದ ಕಡೆ ವಯರು ಕಡ್ಡಿಯ ಹಾಗೆ ಗಡುಸಾಗುತ್ತದೆ, ಆ ಗಡುಸು ಮುಗಿಯುವ ಜಾಗದಲ್ಲಿ ಕುಲುಕಿಗೆ ತುಂಡಾಗುತ್ತದೆ. ಅದಕ್ಕೆ ಜಾಯಿಂಟಿನ ಎರಡೂ ಬದಿಯಲ್ಲಿ ವಯರನ್ನು ಕಯಾಕ್‌ಗೆ ಕಟ್ಟಿ, ಅಲುಗದಂತೆ ಮಾಡಿ.

ಫ್ಯೂಸು ಬ್ಯಾಟರಿಯ ಪಾಸಿಟಿವ್‌ನಿಂದ ಒಂದು ಗೇಣಿನೊಳಗೆ ಇರಬೇಕು. ಸೆಟ್ಟಿನ ಹತ್ತಿರ ಹಾಕಿದರೆ ನಡುವಿನ ವಯರಿಗೆ ರಕ್ಷಣೆ ಇಲ್ಲದ ಹಾಗಾಯಿತು. ಸಣ್ಣ ಸೆಟ್ಟಿಗೆ ಹೆಚ್ಚಾಗಿ 3 ಆಂಪಿಯರ್. ಸೆಟ್ಟಿನ ಪುಸ್ತಕದಲ್ಲಿ ಬರೆದದ್ದೇ ಅಂತಿಮ. ಗಾಜಿನ ಫ್ಯೂಸಿನ ಹೋಲ್ಡರಿನೊಳಗಿನ ಸ್ಪ್ರಿಂಗು ಬೇಗ ತುಕ್ಕು ಹಿಡಿಯುತ್ತದೆ, ರಬ್ಬರ್ ಟೊಪ್ಪಿಯ ಬ್ಲೇಡ್ ಫ್ಯೂಸ್ ಮೇಲು. ಫ್ಯೂಸು ಹೋದಾಗ 10 ಆಂಪಿಯರಿನದ್ದನ್ನೋ ತಾಮ್ರದ ಎಳೆಯನ್ನೋ ಸಿಕ್ಕಿಸಿದರೆ, ಮುಂದಿನ ಸಲ ಫ್ಯೂಸಿನ ಬದಲು ವಯರು ಕರಗುತ್ತದೆ. ಅದು ಪ್ಲಾಸ್ಟಿಕ್ ಹೊಟ್ಟೆಯೊಳಗೆ, ನಿಮ್ಮ ಕಾಲಡಿಯಲ್ಲಿ. ಎಲೆಕ್ಟ್ರಿಕ್ ಮೋಟಾರ್ ಇದ್ದವರ ಲೆಕ್ಕವೇ ಬೇರೆ: ಪೂರ್ತಿ ವೇಗದಲ್ಲಿ 50 ಆಂಪಿಯರ್‌ವರೆಗೂ ಎಳೆಯುವ ಮೋಟಾರಿಗೆ 16 ಚದರ ಮಿಲಿಮೀಟರ್ ವಯರು, ಅದಕ್ಕೆ ತಕ್ಕ ಬ್ರೇಕರ್, ಸಾಧ್ಯವಾದರೆ ಪ್ರತ್ಯೇಕ ಬ್ಯಾಟರಿ.

ಪಿನ್ನುಗಳಲ್ಲಿ ಸ್ವಲ್ಪವೇ ಹಸಿರು ಬಂದಿದ್ದರೆ ಬಿಳಿ ವಿನೆಗರಿನಲ್ಲಿ ಅದ್ದಿದ ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಉಜ್ಜಿ. ಹುಣಸೆಹುಳಿಯಲ್ಲಿ ಹಿತ್ತಾಳೆ ತಿಕ್ಕಿದಾಗ ಆಗುವುದೇ ಇಲ್ಲೂ ಆಗುತ್ತದೆ. ಆದರೆ ಹುಳಿ ಉಳಿದರೆ ಅದೇ ಮತ್ತೆ ತಿನ್ನುತ್ತದೆ, ಸಿಹಿನೀರಿನಲ್ಲಿ ಎರಡು ಸಲ ತೊಳೆದು, ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿ ಒಣಗಿಸಿ. ಕೊನೆಗೆ ಸಿಲಿಕೋನ್ ಗ್ರೀಸ್ ತೆಳುವಾಗಿ. ಈ ಗ್ರೀಸು ಕರೆಂಟು ಹರಿಸುವುದಿಲ್ಲ, ಖಾಲಿ ಜಾಗ ತುಂಬಿ ನೀರು ತಡೆಯುತ್ತದೆ. ವ್ಯಾಸಲಿನ್ ಲೋಹಕ್ಕೆ ನಡೆಯುತ್ತದೆ, ಕೆಲವು ಜಾತಿಯ ರಬ್ಬರನ್ನು ಉಬ್ಬಿಸುವುದರಿಂದ ಓ-ರಿಂಗಿಗೆ ಬೇಡ. ಇನ್ನೊಂದು: ವಯರಿನ ಬಾಯಿ ಮುಚ್ಚಲು ಸಿಲಿಕೋನ್ ಸೀಲಂಟ್ ಕೊಳ್ಳುವಾಗ ವಿನೆಗರಿನ ವಾಸನೆ ಬರುವುದನ್ನು ಬಿಡಿ. ಅದು ಗಟ್ಟಿಯಾಗುವಾಗ ಅಸಿಟಿಕ್ ಆಮ್ಲ ಬಿಡುತ್ತದೆ. ನ್ಯೂಟ್ರಲ್ ಕ್ಯೂರ್ ಎಂದು ಬರೆದಿರುವುದು ಬೇಕು.

ಟ್ರಾನ್ಸ್‌ಡ್ಯೂಸರ್

ನೀರಿಗೆ ಶಬ್ದ ಬಿಟ್ಟು ಅದರ ಮಾರ್ದನಿ ಹಿಡಿಯುವ ಭಾಗ ಇದು. ಇದರ ಕೇಬಲ್ಲನ್ನು ಯಾವ ಕಾರಣಕ್ಕೂ ಕತ್ತರಿಸಿ ಜೋಡಿಸಬೇಡಿ. ಉದ್ದ ಹೆಚ್ಚಾದರೆ ಸಡಿಲವಾಗಿ ಎಂಟರ ಆಕಾರದಲ್ಲಿ ಸುತ್ತಿ, ಮೋಟಾರಿನ ವಯರಿನಿಂದ ದೂರ ಇಡಿ. ಪರದೆಯಲ್ಲಿ ನೆಟ್ಟಗೆ ಗೆರೆಗಳು ಸುರಿಯತೊಡಗಿ, ಮೋಟಾರ್ ನಿಲ್ಲಿಸಿದ ಕೂಡಲೇ ಮಾಯವಾದರೆ ಅದು ಮೋಟಾರಿನ ಗಲಾಟೆ, ಟ್ರಾನ್ಸ್‌ಡ್ಯೂಸರಿನ ದೋಷ ಅಲ್ಲ.

ಕಯಾಕ್‌ಗೆ ತೂತು ಕೊರೆಯದೆ ಹೊಟ್ಟೆಯ ಒಳಗಿನಿಂದಲೇ ಕೂರಿಸುವುದಾದರೆ ಶತ್ರು ಗಾಳಿಗುಳ್ಳೆ. ಸಾಸಿವೆ ಕಾಳಿನಷ್ಟು ಗುಳ್ಳೆಗಳು ನಡುವೆ ಸಿಕ್ಕಿಕೊಂಡರೂ ಶಬ್ದ ಅಲ್ಲೇ ಚದುರುತ್ತದೆ. ಅಂಟಿಸುವ ಮೊದಲು ಪರೀಕ್ಷೆ ಮಾಡಿ: ಕಯಾಕ್ ನೀರಿನ ಮೇಲೆ ಇರುವಾಗ ಹೊಟ್ಟೆಯೊಳಗೆ ಎರಡು ಬೆರಳು ನೀರು ಹಾಕಿ, ಟ್ರಾನ್ಸ್‌ಡ್ಯೂಸರನ್ನು ಆ ನೀರಿನಲ್ಲಿ ತಳಕ್ಕೆ ಒತ್ತಿ ಹಿಡಿದು, ಕಲ್ಲು ಕಟ್ಟಿದ ಹಗ್ಗದಿಂದ ಆಳ ಅಳೆದು ತಾಳೆ ನೋಡಿ. ಅಂಕಿ ಕೂಡಿಬಂದ ಜಾಗವೇ ಸರಿ. ಅಲ್ಲಿ ಸೋಪು, ಆಲ್ಕೊಹಾಲಿನಲ್ಲಿ ಒರೆಸಿ, ದಪ್ಪ ಇವಿಎ ಫೋಮಿನ ಒಂದು ಕಟ್ಟೆ ಅಂಟಿಸಿ, ಒಳಗೆ ನೀರೋ ವ್ಯಾಸಲಿನ್ನೋ ತುಂಬಿ, ಟ್ರಾನ್ಸ್‌ಡ್ಯೂಸರನ್ನು ಓರೆಯಾಗಿ ಇಳಿಸಿ ಗುಳ್ಳೆ ಹೊರಹಾಕಿ ಕೂರಿಸಿ. 200 ಕಿಲೋಹರ್ಟ್ಸ್ ಆವರ್ತನದ ಶಬ್ದ ಹೀಗೆ ಚೆನ್ನಾಗಿ ಕೆಲಸ ಮಾಡುತ್ತದೆ. 455, 800 ಕಿಲೋಹರ್ಟ್ಸಿನ ಚಿತ್ರದಂಥ ನೋಟಕ್ಕೆ ಟ್ರಾನ್ಸ್‌ಡ್ಯೂಸರ್ ಹೊರಗೇ ಇರಬೇಕು. ಒಳಗಿಟ್ಟರೆ ನೀರಿನ ಉಷ್ಣತೆ ತೋರಿಸುವ ಅಂಕಿಯನ್ನೂ ನಂಬಬೇಡಿ, ಅದು ಕಯಾಕ್‌ನ ತಳದ ಬಿಸಿ.

ನಟ್ಟು, ಬೋಲ್ಟು, ರಿವೆಟ್

ಬೋಲ್ಟಿನ ತಲೆಯ ಮೇಲೆ ಎ4 ಎಂದಿದ್ದರೆ 316 ಸ್ಟೀಲು, ಎ2 ಎಂದಿದ್ದರೆ 304. ಉಪ್ಪುನೀರಿಗೆ ಎ4. ಅಂಗಡಿಯವರು ಅಯಸ್ಕಾಂತ ಹಿಡಿದು ತೋರಿಸುವ ಪರೀಕ್ಷೆ ಇವೆರಡನ್ನು ಬೇರ್ಪಡಿಸುವುದಿಲ್ಲ, ಸಾದಾ ಕಬ್ಬಿಣವನ್ನು ಮಾತ್ರ ಹಿಡಿಯುತ್ತದೆ. ಸತು ಲೇಪದ ಹೊಳೆಯುವ ಸ್ಕ್ರೂಗಳು ಕೆಲವು ವಾರಕ್ಕೇ ಕೆಂಪು ನೀರು ಬಿಡತೊಡಗುತ್ತವೆ.

ಸ್ಟೀಲು ಬೋಲ್ಟು ಅಲ್ಯುಮಿನಿಯಂ ಹಳಿಯಲ್ಲಿ ಕೂತಿದ್ದರೆ ಉಪ್ಪುನೀರು ಸೇರಿದಾಗ ಅದೇ ಒಂದು ಸಣ್ಣ ಬ್ಯಾಟರಿಯಾಗಿ, ಅಲ್ಯುಮಿನಿಯಂ ಕರಗುತ್ತಾ ಹೋಗುತ್ತದೆ. ನಡುವೆ ನೈಲಾನ್ ವಾಷರ್ ಹಾಕಿ, ಬೋಲ್ಟಿನ ಮರೆಗೆ (ಥ್ರೆಡ್ಡಿಗೆ) ಗ್ರೀಸ್ ಹಚ್ಚಿ, ವರ್ಷಕ್ಕೊಮ್ಮೆ ಬಿಚ್ಚಿ ಮತ್ತೆ ಹಾಕಿ. ಪಾಪ್ ರಿವೆಟ್ ಕೊಳ್ಳುವಾಗ ಒಳಗಿನ ಮೊಳೆಯನ್ನೂ ಕೇಳಿ. ಮೈ ಅಲ್ಯುಮಿನಿಯಂ, ಮೊಳೆ ಕಬ್ಬಿಣ ಇರುವುದೇ ಪೇಟೆಯಲ್ಲಿ ಹೆಚ್ಚು. ಆ ತುಂಡು ಒಳಗೆ ತುಕ್ಕು ಹಿಡಿದು ರಿವೆಟ್ಟಿನ ಕೆಳಗೆ ಕಂದು ಗೆರೆ ಇಳಿಯುತ್ತದೆ. ಹಳೆಯದನ್ನು ಕೊರೆದು ತೆಗೆದ ತೂತು ಅಗಲವಾಗಿದ್ದರೆ ರಬ್ಬರಿನ ವೆಲ್‌ನಟ್ಟು ಹಾಕುವುದು ಒಳ್ಳೆಯದು. ಅದು ಬಿಗಿದಷ್ಟೂ ಒಳಗೆ ಉಬ್ಬಿ ನೀರನ್ನೂ ತಡೆಯುತ್ತದೆ. ಡ್ರಿಲ್ಲನ್ನು ಸಣ್ಣ ಅಳತೆಯಿಂದ ಶುರು ಮಾಡಿ ಒಂದೊಂದೇ ಹೆಚ್ಚಿಸಿ, ನಟ್ಟು ಒತ್ತಿದರೆ ಮಾತ್ರ ಒಳಹೋಗುವಷ್ಟಕ್ಕೆ ನಿಲ್ಲಿಸಿ. ಪಾಲಿಥೀನ್ ಕಯಾಕ್‌ಗೆ ಯಾವ ಸೀಲಂಟೂ ಸರಿಯಾಗಿ ಅಂಟುವುದಿಲ್ಲ. ಬಿಡಿಭಾಗದ ಅಡಿಗೆ ಬ್ಯುಟೈಲ್ ಟೇಪೋ ನಿಯೊಪ್ರೀನ್ ಗ್ಯಾಸ್ಕೆಟ್ಟೋ ಇಟ್ಟು ಬಿಗಿಯುವುದೇ ದಾರಿ.

ಚುಕ್ಕಾಣಿಯ ತಂತಿಯ ಮೇಲೆ ಹತ್ತಿಯ ಉಂಡೆ ಉಜ್ಜಿ ನೋಡಿ. ಹತ್ತಿ ಸಿಕ್ಕಿಕೊಂಡ ಕಡೆ ಎಳೆ ಕಡಿದಿದೆ, ತಂತಿ ಬದಲಿಸಿ. ಪೆಡಲ್ ಇರುವ ಕಯಾಕ್‌ನಲ್ಲಿ ಪ್ರೊಪೆಲ್ಲರ್ ಬಿಚ್ಚಿ ಹಿಂದೆ ಗಾಳದ ದಾರ ಸುತ್ತಿದೆಯೇ ನೋಡಬೇಕು. ಆ ದಾರವೇ ಸೀಲನ್ನು ಕೊಯ್ಯುವುದು. ಗೇರ್ ಎಣ್ಣೆ ಹಾಲು ಬೆರೆಸಿದಂತೆ ಬೆಳ್ಳಗಾಗಿದ್ದರೆ ನೀರು ಹೊಕ್ಕಿದೆ. ಸೀಲು ಬದಲಿಸದೆ ಬರೀ ಎಣ್ಣೆ ಬದಲಿಸಿದರೆ ವಾರದೊಳಗೆ ಮತ್ತೆ ಅದೇ.

ಬಿರುಕು

ಕೆಂಪುಕಲ್ಲಿನ ಮೆಟ್ಟಿಲ ಮೇಲೆ, ಮರುವಾಯಿ ಚಿಪ್ಪಿನ ಮೇಲೆ ಎಳೆದಾಗ ಮೊದಲು ಸವೆಯುವುದು ಹಿಂತುದಿಯ ಅಡಿಭಾಗ. ಪಾಲಿಥೀನಿಗೆ ಎಪಾಕ್ಸಿ ಅಂಟು ಹಿಡಿಯುವುದಿಲ್ಲ, ಹಾಳೆಯ ಹಾಗೆ ಎದ್ದು ಬರುತ್ತದೆ. ಬಿರುಕಿನ ಎರಡೂ ತುದಿಯಲ್ಲಿ 3 ಮಿಲಿಮೀಟರ್ ತೂತು ಕೊರೆದು ಮುಂದೆ ಓಡದಂತೆ ಮಾಡಿ, ಸಂದಿಯನ್ನು ಇಂಗ್ಲಿಷಿನ ವಿ ಆಕಾರಕ್ಕೆ ಕೆತ್ತಿ, ಅದೇ ಜಾತಿಯ ಪ್ಲಾಸ್ಟಿಕ್ ಕಡ್ಡಿಯಿಂದ ಹಾಟ್ ಏರ್ ಹಿಡಿದು ಬೆಸೆಯಿರಿ. ಕಡ್ಡಿಯೂ ಮೈಯೂ ಒಟ್ಟಿಗೆ ಒದ್ದೆಯಾದಂತೆ ಮಿನುಗಬೇಕು. ಹೊಗೆ ಎದ್ದರೆ ಸುಟ್ಟಿತು. ಮೇಣದ ಬತ್ತಿಯಲ್ಲಿ ಕಾಯಿಸಿದರೆ ಮಸಿ ಕೂತು ಬೆಸುಗೆ ಕಚ್ಚುವುದಿಲ್ಲ.

ಫೈಬರ್ ಕಯಾಕ್‌ಗೆ ರೆಸಿನ್, ಗಾಜುನಾರಿನ ಮ್ಯಾಟ್ ಸಾಕು: 80 ನಂಬರ್ ಮರಳುಕಾಗದದಲ್ಲಿ ತಿಕ್ಕಿ, ಬಿರುಕಿನ ಸುತ್ತ 5 ಸೆಂಟಿಮೀಟರ್ ಹೆಚ್ಚು ಬರುವಂತೆ ಎರಡು ಪದರ. ಹಾರ್ಡ್ನರ್ ಶೇಕಡಾ 1ರಿಂದ 2. ಒಂದು ಎಚ್ಚರಿಕೆ: ಕೋಬಾಲ್ಟ್ (ರೆಸಿನ್ ಬೇಗ ಗಟ್ಟಿಯಾಗಲು ಹಾಕುವ ದ್ರವ) ಮತ್ತು ಹಾರ್ಡ್ನರನ್ನು ಎಂದಿಗೂ ನೇರವಾಗಿ ಒಂದಕ್ಕೊಂದು ಬೆರೆಸಬೇಡಿ, ಸಿಡಿಯುತ್ತದೆ. ಕೋಬಾಲ್ಟನ್ನು ಮೊದಲು ರೆಸಿನ್ನಿನಲ್ಲಿ ಪೂರ್ತಿ ಕಲಸಿ, ಹಾರ್ಡ್ನರ್ ಆಮೇಲೆ.

ಕಯಾಕ್ ಮಗುಚಿದರೆ

ಉಪ್ಪುನೀರು ಒಳಹೊಕ್ಕ ಸಾಧನವನ್ನು ಆನ್ ಮಾಡಿ ನೋಡುವ ಚಪಲ ಬೇಡ. ಕರೆಂಟು ಹರಿದರೆ ವಾರಗಟ್ಟಲೆ ಆಗುವ ಸವೆತ ನಿಮಿಷಗಳಲ್ಲಿ ಆಗುತ್ತದೆ. ಬ್ಯಾಟರಿ ಬಿಡಿಸಿ, ಒಳಗೆ ನೀರು ಹೋದದ್ದು ಖಚಿತವಿದ್ದರೆ ತೆರೆದು ಸಿಹಿನೀರಿನಲ್ಲಿ ತೊಳೆಯಿರಿ. ಮೊದಲೇ ಒದ್ದೆಯಾದದ್ದಕ್ಕೆ ಮತ್ತೆ ನೀರೇ ಎಂದು ಹೆದರಬೇಡಿ, ಉಪ್ಪು ಹೋಗಲು ಬೇರೆ ದಾರಿ ಇಲ್ಲ. ಬಳಿಕ ಐಸೊಪ್ರೊಪೈಲ್ ಆಲ್ಕೊಹಾಲ್, ನಂತರ ನೆರಳಿನಲ್ಲಿ ಫ್ಯಾನಿನ ಗಾಳಿಗೆ ಎರಡು ದಿನ. ಅಕ್ಕಿಯ ಡಬ್ಬಿಯಲ್ಲಿ ಹೂಳುವುದರಿಂದ ಉಪ್ಪು ಹೋಗುವುದಿಲ್ಲ. ಲಿಥಿಯಂ ಬ್ಯಾಟರಿ ಕಡಲನೀರಿನಲ್ಲಿ ಮುಳುಗಿದ್ದರೆ ಅದನ್ನು ಮತ್ತೆ ಚಾರ್ಜಿಗೆ ಹಾಕಬೇಡಿ, ಮನೆಯೊಳಗೂ ತರಬೇಡಿ. ಅಂಗಳದಾಚೆ, ಮಡಲು ಕಟ್ಟಿಗೆಗಳಿಂದ ದೂರ, ಮರಳಿನ ಮೇಲೆ ಇಡಿ. ದಿನ ಕಳೆದು ಬೆಂಕಿ ಹಿಡಿಯುವುದೂ ಉಂಟು.

ಮಳೆಗಾಲ

ಕೇರಳದಲ್ಲಿ ಟ್ರಾಲಿಂಗ್ ಬೋಟುಗಳಿಗೆ ಜೂನ್ 9ರ ನಡುರಾತ್ರಿಯಿಂದ ಜುಲೈ 31ರವರೆಗೆ 52 ದಿನ ನಿಷೇಧ. ಕಯಾಕ್‌ಗೆ ಆ ಕಾನೂನು ಇಲ್ಲದಿದ್ದರೂ ಅಳಿವೆಯ ಅಲೆ ಇಳಿಯಲು ಬಿಡುವುದಿಲ್ಲ. ವರ್ಷದ ಬಿಚ್ಚುವ ಕೆಲಸ ಇದೇ ದಿನಗಳಿಗೆ ಹೊಂದುತ್ತದೆ. ಲೆಡ್ ಆಸಿಡನ್ನು ಪೂರ್ತಿ ತುಂಬಿಸಿ, ತಿಂಗಳಿಗೊಮ್ಮೆ ಮತ್ತೆ ಚಾರ್ಜ್ ಮಾಡಿ. ಲಿಥಿಯಂ ಅರ್ಧ ತುಂಬಿದ್ದರೆ ಸಾಕು. ಸೆಟ್ಟನ್ನೂ ಕೇಬಲ್ಲುಗಳನ್ನೂ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಬಣ್ಣ ಬದಲಾಗುವ ಜೆಲ್ ಆದರೆ ಯಾವಾಗ ಬಿಸಿ ಮಾಡಿ ಒಣಗಿಸಬೇಕೆಂದು ಗೊತ್ತಾಗುತ್ತದೆ.

ಕಯಾಕ್‌ನ್ನು ಎರಡು ತೆಳು ಹಗ್ಗಕ್ಕೆ ತೂಗುಹಾಕಿದರೆ ಆ ಎರಡು ಕಡೆ ತಳ ತಗ್ಗಿಹೋಗುತ್ತದೆ. ನಾಲ್ಕು ಬೆರಳಗಲದ ಪಟ್ಟಿಯಲ್ಲಿ ಮಗುಚಿ ಹಾಕಿ, ಮುಚ್ಚಳ ತೆರೆದು, ಬಲೆಯ ತುಂಡು ಕಟ್ಟಿ ಇಲಿ ಹೋಗದಂತೆ ಮಾಡಿ. ಇಲಿಗೆ ವಯರಿನ ಮೇಲ್ಸಿಪ್ಪೆ ಎಂದರೆ ಇಷ್ಟ. ಹೊರಗೇ ಇಡುವುದಾದರೆ ತೆಂಗಿನ ಮರದ ಬುಡ ಬಿಟ್ಟು ಬೇರೆ ಜಾಗ ನೋಡಿ.